ಸೌಂಡ್ ಒಂದು ಬರ್ತಿಲ್ಲ, ಅಷ್ಟೇ

ಯಳಂದೂರಿನ ಹೊನ್ನೊಳೆ ರೇಷ್ಮೆ ಬೆಳೆಗಾರರ ಸಂಘದಲ್ಲಿ ಮೀನಾ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ಕೊಳ್ಳೇಗಾಲದ ದೇವಾಂಗ ಪೇಟೆಯ ಮನೆಯಿಂದ ದಿನವೂ ಎಂಟೂಕಾಲರ ಬಸ್ಸಿಗೆ ಬಂದು, ಸ್ಟ್ಯಾಂಡಿನಿಂದ ಸಂಘದ ಬಾಗಿಲವರೆಗೆ ಬಿಳಿಕೋಲು ಹಿಡಿದು ಒಬ್ಬಳೇ ನಡೆದು, ಒಂಬತ್ತೂವರೆಗೆ ಮುಂಚೆ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಹುಟ್ಟುಗುರುಡಿಯಲ್ಲ. ಏಳನೇ ಕ್ಲಾಸಿನಲ್ಲಿ ಬೋರ್ಡಿನ ಮೇಲಿನ ಅಕ್ಷರ ಮಸುಕಾಗತೊಡಗಿ, ಹದಿನಾರು ತುಂಬುವ ಹೊತ್ತಿಗೆ ಬೆಳಕೂ ಹೋಗಿತ್ತು. ಈಗ ಮೂವತ್ತೆಂಟು. ಮೈಸೂರಿನಲ್ಲಿ ಕಂಪ್ಯೂಟರ್ ಕಲಿತು ಬಂದವಳು. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಒಂದು ಅವಳ ಕಂಪ್ಯೂಟರಿನಲ್ಲಿತ್ತು. ಆ ದನಿಯನ್ನು ಅವಳು ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಳೆಂದರೆ, ಬೇರೆಯವರಿಗೆ ಅದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು. ಮೀನಾಗೆ ಅದರಲ್ಲಿ ಒಂದಕ್ಷರವೂ ತಪ್ಪುತ್ತಿರಲಿಲ್ಲ.

ಅವಳ ಕೆಲಸ ದೊಡ್ಡದೇನೂ ಅಲ್ಲ. ಸಂಘದ ಚಾಕಿ ಕೇಂದ್ರದಲ್ಲಿ ಮೊಟ್ಟೆ ಒಡೆಸಿ, ಎರಡನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಏಳುವವರೆಗೆ ಸಾಕಿದ ಮರಿಹುಳಗಳನ್ನು ಬೆಳೆಗಾರರು ಬಂದು ಒಯ್ಯುತ್ತಾರೆ. ಯಾರು ಯಾವತ್ತು ಬರಬೇಕೆಂದು ಮೆಸೇಜು ಕಳಿಸುವುದು, ಫೋನ್ ಮಾಡಿದವರ ಹೆಸರು ಹುಡುಕಿ ದಿನ ಹೇಳುವುದು, ಪತ್ರ ಟೈಪಿಸುವುದು, ಇಷ್ಟು. ಹುಳಕ್ಕೆ ಕಾಯುವ ವ್ಯವಧಾನವಿಲ್ಲ. ಜ್ವರ ಎದ್ದ ಹುಳ ಸೊಪ್ಪು ಕೇಳುತ್ತದೆ, ಅದರಿಂದ ದಿನ ತಪ್ಪುವಂತಿಲ್ಲ. ಎಂಟು ವರ್ಷದಲ್ಲಿ ಮೀನಾ ಒಂದು ದಿನವನ್ನೂ ತಪ್ಪಿಸಿರಲಿಲ್ಲ.

ಕಾರ್ತಿಕದಲ್ಲಿ ಹೊಸ ಕಂಪ್ಯೂಟರುಗಳು ಬಂದವು. ಹಳೆಯವಕ್ಕೆ ವಯಸ್ಸಾಯಿತು, ಎಲ್ಲ ಶಾಖೆಗೂ ಬದಲಾಯಿಸುತ್ತೇವೆ ಎಂದು ಸಂಘದ ಹೆಡ್ ಆಫೀಸಿನವರು ಮೈಸೂರಿನಿಂದ ಕಳಿಸಿದ್ದರು. ಮಧು ಎಂಬ ಇಂಜಿನಿಯರ್ ವ್ಯಾನಿನಲ್ಲಿ ಬಂದು ನಾಲ್ಕು ಡಬ್ಬ ಇಳಿಸಿ, ಹಳೆಯ ನಾಲ್ಕನ್ನು ವ್ಯಾನಿಗೆ ಏರಿಸಿ, ಸಂಜೆಯೊಳಗೆ ಮೀನಾಳ ಓದುವ ಸಾಫ್ಟ್‌ವೇರ್ ಸಮೇತ ಎಲ್ಲ ಜೋಡಿಸಿಬಿಟ್ಟ. ಮೀನಾ ತನ್ನ ಮೇಜಿನ ಮುಂದೆ ಕೂತು ಕೀಲಿಮಣೆ ಒತ್ತಿದಳು. ಏನೂ ಕೇಳಿಸಲಿಲ್ಲ. ಹೆಡ್‌ಫೋನು ಕಿತ್ತು ಮತ್ತೆ ಚುಚ್ಚಿದಳು. ಒಳಗೆ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನಿಲ್ಲ.

"ಮಧು ಅವ್ರೇ, ಇದು ಮಾತಾಡ್ತಿಲ್ಲ."

"ಸೌಂಡ್ ಒಂದು ಬರ್ತಿಲ್ಲ ಮೇಡಂ, ಅಷ್ಟೇ. ಬೇರೆಲ್ಲ ವರ್ಕಿಂಗ್. ಡ್ರೈವರ್ ಸಾಫ್ಟ್‌ವೇರ್ ಯಾವ್ದೋ ಮಿಸ್ ಆಗಿರ್ಬೇಕು. ಕಂಪ್ಲೇಂಟ್ ಹಾಕ್ತೀನಿ, ಎರಡು ದಿನ್ದಲ್ಲಿ ಸರಿ ಹೋಗುತ್ತೆ."

"ಅಲ್ಲೀವರೆಗೂ ಹಳೇದನ್ನ ಇಟ್ಟೋಗಿ."

"ಹಳೇದೆಲ್ಲ ಲಿಸ್ಟಲ್ಲಿ ಬರ್ದಾಯ್ತು ಮೇಡಂ. ವಾಪಸ್ ತಗೊಂಡೇ ಹೋಗ್ಬೇಕು."

ವ್ಯಾನು ಹೊರಟಿತು. ಮೀನಾ ಇನ್ನೊಂದರ್ಧ ಗಂಟೆ ಕೀಲಿಗಳನ್ನು ಒತ್ತುತ್ತಾ ಕೂತಿದ್ದು, ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಎರಡು ದಿನ ಹೋಗಿ ಒಂದು ವಾರವಾಯಿತು. ಆ ವಾರ ಅವಳು ಬೆರಳಿನ ನೆನಪಿನ ಮೇಲೆ ಕೆಲಸ ಮಾಡಿದಳು. ಯಾವ ಕೀಲಿ ಎಷ್ಟು ಸಲ ಒತ್ತಿದರೆ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತು. ಹನ್ನೊಂದು ಪತ್ರಗಳನ್ನು ಹಾಗೇ ಟೈಪಿಸಿದಳು. ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಿ ಹೇಳಬಹುದಾಗಿದ್ದ ಪಕ್ಕದ ಮೇಜಿನ ಗುಮಾಸ್ತೆ ಹೆರಿಗೆ ರಜೆಯಲ್ಲಿದ್ದಳು. ಮೊಬೈಲ್ ಕ್ಯಾಮೆರಾವನ್ನು ಪರದೆಗೆ ಹಿಡಿದರೆ ಮೊಬೈಲು ಓದಿ ಹೇಳುತ್ತಿತ್ತು, ಆದರೆ ಒಂದು ಸಾಲಿಗೆ ಒಂದು ನಿಮಿಷ, ಅದೂ ಅರ್ಧ ಅಡ್ಡಾದಿಡ್ಡಿ. ಮೇಲಾಗಿ ಸದಸ್ಯರ ವಿವರ ಇರುವ ಪರದೆಯ ಫೋಟೋ ತೆಗೆಯಕೂಡದೆಂದು ಹೆಡ್ ಆಫೀಸಿನ ನಿಯಮವಿತ್ತು. ಕಾರ್ಯದರ್ಶಿ ಶಿವಶಂಕರ ಅದನ್ನು ನೆನಪಿಸಿದ ಮೇಲೆ ಅವಳು ಬಿಟ್ಟಳು.

ಶಿವಶಂಕರ ಕೆಟ್ಟ ಮನುಷ್ಯನಲ್ಲ. "ಅವಸರ ಏನಿದೆ ಮೀನಾ ಅವ್ರೇ, ಬರೀ ಫೋನ್ ಎತ್ತಿ. ಯಾರಾದ್ರೂ ಏನಾದ್ರೂ ಕೇಳಿದ್ರೆ ನನ್ನ ಕೂಗಿ," ಎಂದ. ಫೋನುಗಳು ಬರುತ್ತಲೇ ಇದ್ದವು. ಪ್ರತಿ ಸಲವೂ ಅವಳು "ಒಂದ್ನಿಮಿಷ ಲೈನಲ್ಲಿರಿ" ಎಂದು ಕೂಗಿ ಕರೆಯಬೇಕು, ಅವನು ತನ್ನ ಕೆಲಸ ಬಿಟ್ಟು ಬರಬೇಕು. ಮೂರನೇ ದಿನದಿಂದ ಅವನ ಚಪ್ಪಲಿಯ ಸದ್ದಿನಲ್ಲೇ ಬೇಸರ ಗೊತ್ತಾಗುತ್ತಿತ್ತು. ಅವಳು ಕೂಗುವುದನ್ನು ಕಡಿಮೆ ಮಾಡಿದಳು.

ಎರಡನೇ ವಾರ ಹೆಡ್ ಆಫೀಸಿಗೆ ಫೋನ್ ಮಾಡಿದಾಗ ಒಬ್ಬ ಹುಡುಗಿ ಕಂಪ್ಲೇಂಟ್ ನಂಬರ್ ಕೇಳಿ, ಹುಡುಕಿ, ಹೇಳಿದಳು: "ಇದು ಕ್ಲೋಸ್ ಆಗಿದೆ ಮೇಡಂ."

"ಕ್ಲೋಸ್ ಅಂದ್ರೆ? ಇನ್ನೂ ಸೌಂಡ್ ಬಂದಿಲ್ಲ."

"ಇಲ್ಲಿ ಬರ್ದಿದಾರೆ. 'ಕಂಪ್ಯೂಟರ್ ಸರಿಯಾಗಿದೆ. ಕಚೇರಿ ಕೆಲಸಕ್ಕೆ ಧ್ವನಿಯ ಅಗತ್ಯವಿಲ್ಲ.'"

ಮೀನಾ ಫೋನಿಟ್ಟಳು. ಸಿಟ್ಟು ಬರಬೇಕಿತ್ತು. ಬಂದದ್ದು ನಿದ್ದೆ.

ಅದೇ ವಾರದ ಗುರುವಾರ ತಪ್ಪು ನಡೆದುಹೋಯಿತು. ಶಿವಶಂಕರ ಚಾಮರಾಜನಗರಕ್ಕೆ ಮೀಟಿಂಗಿಗೆ ಹೋಗಿದ್ದ. ಮಧ್ಯಾಹ್ನ ಚಾಕಿ ಕೇಂದ್ರದಿಂದ ಫೋನು: ಯಳಂದೂರು ಭಾಗದವರ ಹುಳ ಜ್ವರ ಎದ್ದಿವೆ, ನಾಳೆ ಬೆಳಿಗ್ಗೆ ಆರಕ್ಕೆ ಬರಲು ಹೇಳಿ. ಮೆಸೇಜನ್ನು ಸಂಜೆಯೊಳಗೆ ಕಳಿಸಬೇಕಿತ್ತು. ಅವಳು ಶಿವಶಂಕರನಿಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಯಾರನ್ನೂ ಕೂಗದೆ ಒಂದು ಕೆಲಸವನ್ನು ತಾನೇ ಮಾಡಿ ಮುಗಿಸಬೇಕೆನ್ನಿಸಿತು. ಮೆಸೇಜಿನ ಪುಟ ತೆರೆದು ಬರೆದಳು. ಹನೂರು ಭಾಗದವರೂ ಹುಳ ಒಯ್ಯುವುದು ಇಲ್ಲಿಂದಲೇ. ಪಟ್ಟಿಯಲ್ಲಿ ಹನೂರು ಮೊದಲು, ಯಳಂದೂರು ಅದರ ಕೆಳಗೆ. ಕೆಳಗಿನ ಬಾಣ ಒಂದು ಸಲ, ಎಂಟರ್. ಅಷ್ಟೇ. ಆದರೆ ಅದೇ ಹೊತ್ತಿಗೆ ಪರದೆಯ ಮೇಲೆ ಯಾವುದೋ ಅಪ್‌ಡೇಟಿನ ಸೂಚನೆ ತೆರೆದುಕೊಂಡಿತ್ತು, ಅವಳು ಒತ್ತಿದ ಬಾಣ ಅದಕ್ಕೆ ಹೋಯಿತು, ಎಂಟರ್ ಒತ್ತುವ ಹೊತ್ತಿಗೆ ಅದು ತಾನಾಗಿ ಮುಚ್ಚಿಕೊಂಡಿತ್ತು. ದನಿ ಇದ್ದಿದ್ದರೆ ಆ ಕ್ಷಣವೇ ಹೇಳುತ್ತಿತ್ತು. ಮೆಸೇಜು ಹನೂರಿನ ಪಟ್ಟಿಗೆ ಹೋಯಿತು.

ಮರುದಿನ ಅವಳು ಬಂದಾಗ ಸಂಘದ ಅಂಗಳದಲ್ಲಿ ಜನ ತುಂಬಿದ್ದರು. ಗೂಡ್ಸ್ ಆಟೋಗಳ ಇಂಜಿನ್ ವಾಸನೆ, ಬಿದಿರು ತಟ್ಟೆಗಳು ಒಂದಕ್ಕೊಂದು ತಾಕುವ ಸದ್ದು. ಹನೂರು ಭಾಗದ ಶಾಗ್ಯ, ಹೂಗ್ಯಂ ಕಡೆಯವರು ಕತ್ತಲಲ್ಲೇ ಹೊರಟು ಬಂದಿದ್ದರು. ಅವರ ಸರದಿ ಇದ್ದದ್ದು ಮುಂದಿನ ವಾರ. ಇತ್ತ ಯಳಂದೂರಿನವರು ಯಾರೂ ಬಂದಿರಲಿಲ್ಲ. ಶಿವಶಂಕರ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಸುತ್ತಿದ್ದ.

"ಯಾರ್ ಸಾ ಆ ಮೆಸೇಜ್ ಕಳ್ಸಿದ್ದು?" ಶಾಗ್ಯದ ಮುದ್ದಯ್ಯನ ದನಿ. ಫೋನಿನಲ್ಲಿ ಮೀನಾ ಆ ದನಿಯನ್ನು ವರ್ಷಕ್ಕೆ ಐದಾರು ಸಲ ಕೇಳುತ್ತಿದ್ದಳು. "ಸೊಪ್ಪು ಕುಯ್ದು ಒದ್ದೆ ಗೋಣಿ ಮುಚ್ಚಿ ಬಂದಿವ್ನಿ. ಹುಳದ್ಮನೆಗೆ ಸುಣ್ಣ ಒಡ್ದು ಕಾಯ್ತಾವ್ಳೆ ನಮ್ಮನೆಯವ್ಳು. ಈಗ ಬರಿಗೈಲಿ ಓಗು ಅಂದ್ರೆ?"

ಶಿವಶಂಕರ ಏನೋ ತಾಂತ್ರಿಕ ತೊಂದರೆ ಎಂದು ಶುರುಮಾಡಿದ. ಮೀನಾ ಬಾಗಿಲ ಹತ್ತಿರ ಬಂದು ನಿಂತಳು.

"ನಾನೇ ಕಳ್ಸಿದ್ದು ಮುದ್ದಯ್ಯನೋರೇ. ನನ್ನ ತಪ್ಪು."

ಚಪ್ಪಲಿಗಳು ಅವಳತ್ತ ತಿರುಗಿದ ಸದ್ದಾಯಿತು. ಅವಳ ಕೈಯಲ್ಲಿದ್ದ ಕೋಲನ್ನು ಅವರೆಲ್ಲ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಫೋನಿನಲ್ಲಿ ಇಷ್ಟು ವರ್ಷ ಮಾತಾಡಿದ್ದರೂ ಬೆಳಿಗ್ಗೆ ಆರಕ್ಕೇ ಬಂದು ಹುಳ ಒಯ್ಯುವ ಅವರಲ್ಲಿ ಹೆಚ್ಚಿನವರು ಅವಳನ್ನು ನೋಡಿದ್ದು ಇದೇ ಮೊದಲು.

"ಅಯ್ಯೋ," ಎಂದ ಮುದ್ದಯ್ಯ. ದನಿಯಲ್ಲಿದ್ದ ಸಿಟ್ಟೆಲ್ಲ ಇಳಿದುಹೋಗಿತ್ತು. "ಕಣ್ ಕಾಣ್ದೋರ್ ಕೈಲಿ ಯಾಕ್ ಸಾ ಇಂಥ ಕೆಲ್ಸ ಮಾಡಿಸ್ತೀರಿ? ಪಾಪ, ಅವ್ರಾದ್ರೂ ಏನ್ ಮಾಡಾರು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. "ಎಂಟು ವರ್ಷದಿಂದ ನಿಮಗೆ ಮೆಸೇಜ್ ಕಳಿಸ್ತಿರೋಳು ನಾನೇ," ಎಂದಳು. "ನಿಮ್ಮ ಮಗಳ ಮದುವೆ ವಾರ ಹುಳ ಬೇಡ, ಮುಂದಕ್ಕಾಕು ಅಂದಾಗ ಮುಂದಕ್ಕೆ ಹಾಕಿದ್ದೂ ನಾನೇ. ಯಾವತ್ತಾದ್ರೂ ತಪ್ಪಿದೆಯಾ, ನೀವೇ ಹೇಳಿ."

ಮುದ್ದಯ್ಯ ಯೋಚಿಸಿದ. "ಇಲ್ಲ ಕಣವ್ವ," ಎಂದ ಮೆಲ್ಲಗೆ. "ತಪ್ಪಿಲ್ಲ."

ಆಮೇಲೆ ಅವರು ತಟ್ಟೆಗಳನ್ನು ಆಟೋಗಳಿಗೆ ಮತ್ತೆ ಏರಿಸಿಕೊಂಡು ಹೊರಟರು. ಐವತ್ತು ಕಿಲೋಮೀಟರ್ ದಾರಿ. ಕುಯ್ದ ಸೊಪ್ಪು ಅಷ್ಟರಲ್ಲಿ ಬಾಡಿರುತ್ತದೆ.

ಮಧ್ಯಾಹ್ನ ಶಿವಶಂಕರ ಅವಳ ಮೇಜಿನ ಹತ್ತಿರ ಬಂದು, ಕುರ್ಚಿ ಎಳೆದು ಕೂತ. "ನಿಮ್ಮನ್ನ ಯಾರಾದ್ರೂ ಅಂದ್ರೆ ನನಗೂ ಬೇಜಾರು. ಸದ್ಯಕ್ಕೆ ಕಂಪ್ಯೂಟರ್ ಮುಟ್ಬೇಡಿ. ವಾರ್ಷಿಕ ಸಭೆ ನೋಟೀಸು ಸಾವಿರದ ಚಿಲ್ರೆ ಕವರಿಗೆ ಹಾಕೋದಿದೆ. ಅದನ್ನ ಮಾಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅವಳು ಕವರಿಗೆ ನೋಟೀಸು ಹಾಕಿದಳು. ಮಡಿಸುವುದು, ತುರುಕುವುದು, ಅಂಟು ಸವರುವುದು. ಸಂಜೆ ಮನೆಯಲ್ಲಿ ಅಣ್ಣ ಮಗ್ಗದ ಮುಂದೆ ಕೂತಿದ್ದ. ಲಾಳಿ ಅತ್ತಿಂದಿತ್ತ ಓಡುವ ಸದ್ದು, ಹಲಗೆ ಬಡಿಯುವ ಸದ್ದು. ಚಿಕ್ಕಂದಿನಿಂದ ಆ ಸದ್ದಿನಲ್ಲೇ ಬೆಳೆದವಳಿಗೆ ಅವತ್ತು ಅದು ತಲೆಯೊಳಗೇ ಬಡಿದ ಹಾಗಾಗಿ, ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ತಾಯಿ ವಸಂತಮ್ಮ ಕಾಫಿ ತಂದು ಕೈಗಿಟ್ಟರು.

"ಏನಾಯ್ತೇ?"

"ಏನೂ ಇಲ್ಲಮ್ಮ. ಕೈ ನೋಯ್ತಿದೆ. ಅಂಟು ಹಚ್ಚಿ ಹಚ್ಚಿ."

"ಕಂಪ್ಯೂಟರ್ ಕೆಲಸದಲ್ಲಿ ಅಂಟೆಲ್ಲಿಂದ ಬಂತು?"

ಮೀನಾ ಕಾಫಿ ಗುಟುಕರಿಸಿದಳು. ಬಿಟ್ಟುಬಿಡಲೇ ಎಂಬ ಯೋಚನೆ ಬಂದಿತ್ತು. ಆದರೆ ಅದಕ್ಕೂ ರಾಜೀನಾಮೆ ಬರೆಯಬೇಕು, ಕಾರಣ ಹೇಳಬೇಕು, ಎಲ್ಲರ ಸಮಾಧಾನದ ಮಾತು ಕೇಳಬೇಕು. ಅಷ್ಟಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ಸಂಘದ ಅಟೆಂಡರ್ ಬೆಳ್ಳಯ್ಯ ಬಿಳಿಗಿರಿರಂಗನ ಬೆಟ್ಟದ ಪೋಡಿನವನು, ಅಂದರೆ ಕಾಡಿನೊಳಗಿನ ಹಾಡಿಯವನು, ಸೋಲಿಗ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಕವರುಗಳ ಕಟ್ಟನ್ನು ಅಂಚೆಗೆ ಒಯ್ಯುವವನು ಅವನೇ. ವಾರ ಕಳೆದು ಬಂದ ಸೋಮವಾರ ಕಟ್ಟು ಎತ್ತಿಕೊಳ್ಳುತ್ತಾ ಅವನು ಕೇಳಿದ: "ಅವ್ವ, ಆ ಪೆಟ್ಗೆ ಇನ್ನೂ ಬಾಯಿ ಬುಡ್ನಿಲ್ವಾ?"

"ಇಲ್ಲ ಬೆಳ್ಳಯ್ಯಣ್ಣ. ಯಾಕೆ ಬಿಡ್ತಿಲ್ಲ ಅಂತ ನೋಡೋಕೆ ನಂಗೆ ಅದೇ ಬಾಯಿ ಬಿಡ್ಬೇಕು."

ಬೆಳ್ಳಯ್ಯ ಹೋಗದೆ ನಿಂತಿದ್ದ. ಮೀನಾಗೆ ಇದ್ದಕ್ಕಿದ್ದ ಹಾಗೆ ಹೊಳೆಯಿತು. "ನಿಮಗೆ ಇಂಗ್ಲಿಷ್ ಅಕ್ಷರ ಬರುತ್ತಾ?"

"ಅಕ್ಸರ ಬತ್ತದೆ, ಮಾತು ಬರಾಕಿಲ್ಲ. ಕಾಡಿನ ಗೇಟಲ್ಲಿ ಅದ್ನಾಕು ವರ್ಸ ಗಾಡಿ ನಂಬರ್ ಬರ್ದಿವ್ನಿ."

ಶಿವಶಂಕರ ಊಟಕ್ಕೆ ಹೋಗಿದ್ದಾಗ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಮೀನಾ ನೆನಪಿನಿಂದ ಕೀಲಿ ಒತ್ತಿ, ಯಂತ್ರದ ಒಳಗಿನ ಭಾಗಗಳ ಪಟ್ಟಿ ತೆರೆದಳು.

"ಏನ್ ಕಾಣ್ತಿದೆ ಹೇಳಿ."

"ಸಾಲು ಸಾಲಾಗವೆ ಕಣವ್ವ. ಒಂದರ ಕೆಳ್ಗೆ ಒಂದು. ಎಲ್ಲದ್ರ ಪಕ್ಕನೂ ಸಣ್ಣ ಸಣ್ಣ ಚಿತ್ರ."

"ಯಾವ್ದಕ್ಕಾದ್ರೂ ಹಳದಿ ಬಣ್ಣದ ಗುರುತಿದೆಯಾ?"

"ಅದೆ. ನಡೂಗೆ ಒಂದ್ಕೆ ಅದೆ. ಬೆಟ್ಟದ್ ರೋಡಲ್ಲಿ ತಿರುವು ಬಂದಾಗ ಉಸಾರು ಅಂತ ಮೂರು ಮೂಲೆ ಬೋರ್ಡ್ ಆಕಿರ್ತಾರಲ್ಲ, ಅಂಥದ್ದೇ."

"ಅದೇ ನಮಗೆ ಬೇಕಾಗಿರೋದು. ನಾನು ಬಾಣ ಒತ್ತುತ್ತಾ ಹೋಗ್ತೀನಿ. ನೀಲಿ ಪಟ್ಟಿ ಅದರ ಮೇಲೆ ಬಂದಾಗ ನಿಲ್ಲು ಅನ್ನಿ."

"ಇನ್ನೂ ಕೆಳಕ್ಕೆ. ಇನ್ನೂ. ಒಸಿ ಮೇಲಕ್ಕೆ ಬಾ. ಅಲ್ಲೇ, ನಿಂತ್ಕೊ."

ಒಳಪುಟಗಳನ್ನು ದಾಟಿ ಆ ಭಾಗದ ಗುರುತಿನ ಸಂಖ್ಯೆ ಇರುವಲ್ಲಿಗೆ ಮುಟ್ಟುವುದರಲ್ಲಿ ಅರ್ಧ ಗಂಟೆ ಹಿಡಿಯಿತು. ಎರಡು ಸಲ ದಾರಿ ತಪ್ಪಿ ಮೊದಲಿನಿಂದ ಶುರುಮಾಡಿದರು. ಕಡೆಗೆ ಬೆಳ್ಳಯ್ಯ ಗಂಟಲು ಸರಿಮಾಡಿಕೊಂಡು, ಗೇಟಿನಲ್ಲಿ ನಿಂತು ಲಾರಿಯ ನಂಬರ್ ಕೂಗಿ ಹೇಳುವವನ ಹಾಗೆ ಒಂದೊಂದೇ ಅಕ್ಷರ ಓದಿದ. ಅಡ್ಡಗೆರೆ ಬಂದಲ್ಲಿ ಅಡ್ಡಗೆರೆ ಎಂದ. ಗೊತ್ತಿಲ್ಲದ ಗುರುತು ಬಂದಾಗ, "ಇದು ಮೂಗುತಿ ಅಂಗೆ ಸುತ್ಕಂಡದೆ," ಎಂದ. ಮೀನಾ ಬ್ರೈಲ್ ಹಲಗೆಯ ಮೇಲೆ ಚುಚ್ಚಿಕೊಂಡಳು. ಮೂರು ಸಲ ಓದಿಸಿದಳು. ಮೂರು ಸಲವೂ ಒಂದೇ ಬಂತು.

"ಒಂದ್ ಸಲ ಗೇಟ್ ಮುಂದೇನೇ ಆನೆ ಬಂದು ನಿಂತಿತ್ತು. ಆಗ್ಲೂ ಜೀಪಿನ ನಂಬರ್ ತೆಪ್ ಬರೀನಿಲ್ಲ," ಎಂದ ಬೆಳ್ಳಯ್ಯ. ಎಷ್ಟೋ ದಿನದ ಮೇಲೆ ಮೀನಾ ನಕ್ಕಳು.

ಆ ಸಂಜೆ ಬಸ್ಸಿನಲ್ಲಿ ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿದಳು. ವಿಷಯ ಸರಳವಾಗಿತ್ತು. ಹೊಸ ಕಂಪ್ಯೂಟರಿನ ಸೌಂಡ್ ಚಿಪ್ಪು ಈಚಿನ ಹೊಸ ಮಾನದಂಡಕ್ಕೆ ಸೇರಿದ್ದು. ಅದನ್ನು ಗುರುತಿಸುವುದು ಹೊಸ ಆಪರೇಟಿಂಗ್ ಸಿಸ್ಟಂ ಮಾತ್ರ. ಸಂಘದ ಸಾಫ್ಟ್‌ವೇರು ಹೊಸದರಲ್ಲಿ ಓಡುವುದಿಲ್ಲವೆಂದು ಇವರು ಹೊಸ ಯಂತ್ರಕ್ಕೆ ಹಳೆಯ ಸಿಸ್ಟಮ್ಮನ್ನೇ ತುಂಬಿದ್ದರು. ಹಳೆಯದಕ್ಕೆ ಡ್ರೈವರ್ ಬರುವುದೂ ಇಲ್ಲ. ಜಗತ್ತಿನ ಎಲ್ಲೆಲ್ಲಿಯೋ ಜನ ಇದನ್ನೇ ಕೇಳಿದ್ದರು, ಎಲ್ಲರಿಗೂ ಅದೇ ಉತ್ತರ ಸಿಕ್ಕಿತ್ತು. ಹಾಗಾದರೆ ಎರಡು ದಿನವಲ್ಲ, ಎರಡು ವರ್ಷ ಕಾದರೂ ಇದು ಮಾತಾಡುವುದಿಲ್ಲ. ಮೀನಾಗೆ ಯಾಕೋ ಸ್ವಲ್ಪ ಹಗುರವಾಯಿತು. ಕಾಯುವುದಾದರೂ ತಪ್ಪಿತು.

ದಾರಿ ಒಂದಿತ್ತು. ಯುಎಸ್‌ಬಿಗೆ ಚುಚ್ಚುವ ಹೆಬ್ಬೆರಳುದ್ದದ ಸೌಂಡ್ ಅಡಾಪ್ಟರ್. ಅದು ಹಳೇ ಮಾನದಂಡದ್ದು, ಯಾವ ಸಿಸ್ಟಮ್ಮಾದರೂ ಗುರುತಿಸುತ್ತದೆ. ಕೊಳ್ಳೇಗಾಲದ ಮೊಬೈಲ್ ಅಂಗಡಿಯಲ್ಲೇ ಸಿಕ್ಕಿತು. ಮರುದಿನ ತಂದು ಚುಚ್ಚಿದಳು. ಸದ್ದಿಲ್ಲ. ಯಾರೂ ಪೆನ್‌ಡ್ರೈವ್ ಹಾಕಬಾರದೆಂದು ಹೆಡ್ ಆಫೀಸಿನವರು ಕೀಲಿಮಣೆ, ಮೌಸು ಬಿಟ್ಟು ಬೇರೆಲ್ಲ ಯುಎಸ್‌ಬಿ ಸಾಧನಗಳಿಗೂ ಬೀಗ ಹಾಕಿದ್ದರು.

ಅವತ್ತು ರಾತ್ರಿ ಊಟಕ್ಕೆ ಮುಂಚೆ ಮೊಬೈಲಿನಲ್ಲೇ ಹೆಡ್ ಆಫೀಸಿಗೆ ಪತ್ರ ಬರೆದಳು. ಚಿಪ್ಪಿನ ಸಂಖ್ಯೆ ಹಾಕಿದಳು, ಕಾರಣ ಬರೆದಳು, ಅಡಾಪ್ಟರಿಗೆ ಅನುಮತಿ ಕೇಳಿದಳು. ಕೊನೆಯಲ್ಲಿ ಎರಡು ಸಾಲು ಸೇರಿಸಿದಳು: "ನಿಮ್ಮ ಪರದೆಯ ಬೆಳಕು ಆರಿಹೋಗಿದ್ದರೆ ಆ ಕಂಪ್ಯೂಟರ್ ಸರಿಯಾಗಿದೆ ಎಂದು ಯಾರೂ ಬರೆಯುತ್ತಿರಲಿಲ್ಲ. ನನ್ನ ಪರದೆ ಆರಿ ಇಂದಿಗೆ ಇಪ್ಪತ್ತೆರಡು ದಿನ."

ನಾಲ್ಕು ದಿನದ ಮೇಲೆ ಮಧು ಫೋನ್ ಮಾಡಿದ. ದನಿಯಲ್ಲಿ ಸಂಕೋಚವಿತ್ತು.

"ಮೇಡಂ, ಆ ನಂಬರ್ ನೋಡಿದ್ಮೇಲೆ ಗೊತ್ತಾಯ್ತು. ನಾನು ಡ್ರೈವರ್ ಹುಡುಕ್ತಾನೇ ಇದ್ದೆ. ಇಲ್ದೇ ಇರೋದನ್ನ ಹುಡುಕ್ತಿದ್ದೆ ಅನ್ಸುತ್ತೆ. ನಿಮ್ಮ ಲೆಟರ್ ಮೇಲಕ್ಕೆ ಕಳ್ಸಿದೀನಿ. ಅನುಮತಿ ಅವ್ರೇ ಕೊಡ್ಬೇಕು." ಆಮೇಲೆ ಹೇಳಿದ: "ಹನೂರು ಶಾಖೆಗೂ ಇದೇ ಡಬ್ಬ ಕೊಟ್ಟಿರೋದು. ಅಲ್ಲೂ ನಿಮ್ಮ ಹಾಗೇ ಒಬ್ರಿದಾರಲ್ಲ, ನಿರಂಜನ್ ಅಂತ. ಅವ್ರು ಏನೂ ಕಂಪ್ಲೇಂಟ್ ಮಾಡ್ಲಿಲ್ಲಪ್ಪ."

ನಿರಂಜನನನ್ನು ಮೀನಾ ಒಂದು ಸಲ ತರಬೇತಿಯಲ್ಲಿ ಭೇಟಿಯಾಗಿದ್ದಳು. ಇಪ್ಪತ್ತಾರರ ಹುಡುಗ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಫೋನ್ ಮಾಡಿದಳು.

"ನಿನ್ನ ಕಂಪ್ಯೂಟರ್ ಮಾತಾಡ್ತಿದ್ಯಾ?"

ಬಾಗಿಲು ತೆರೆದ ಸದ್ದು, ಮೆಟ್ಟಿಲಿಳಿದ ಸದ್ದು ಕೇಳಿಸಿತು. ಅವನು ಹೊರಗೆ ಬಂದಿದ್ದ.

"ಇಲ್ಲಕ್ಕ. ಬಂದಾಗಿಂದ ಇಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಪ್ರೊಬೇಷನ್ ಮುಗಿದಿಲ್ವಲ್ಲಕ್ಕ. ಹೇಳಿದ್ರೆ ಈ ಹುಡುಗನ ಕೈಲಿ ಆಗಲ್ಲ ಅಂತಾರೆ. ಸ್ವಲ್ಪ ಕಾಣುತ್ತೆ ಅಂತ ಸುಳ್ಳು ಹೇಳಿದೀನಿ. ಪರದೆಗೆ ಮುಖ ಹತ್ರ ಇಟ್ಕೊಂಡು ಕೂತಿರ್ತೀನಿ. ಯಾರೂ ಇಲ್ದಾಗ ಫೋಟೋ ಹೊಡ್ಕೊಂಡು, ಮೆಟ್ಲತ್ರ ಬಂದು ಮೊಬೈಲಲ್ಲಿ ಓದಿಸ್ಕೊತೀನಿ."

"ಫೋಟೋ ತೆಗೀಬಾರ್ದು ಅಂತ ಗೊತ್ತಲ್ವಾ? ಸಿಕ್ಕಿಬಿದ್ರೆ ಅದಕ್ಕೇ ತೆಗೀತಾರೆ."

"ಗೊತ್ತು. ಸಾಕಾಗೋಗಿದೆ ಅಕ್ಕ. ಕುತ್ತಿಗೆ ಸೆಟೆದುಬಿಟ್ಟಿದೆ."

ಅನುಮತಿ ಬರುವಷ್ಟರಲ್ಲಿ ಮತ್ತೆ ಹದಿನೆಂಟು ದಿನ ಹೋಯಿತು. ಕವರುಗಳೆಲ್ಲ ಮುಗಿದು, ಹಳೆಯ ಫೈಲುಗಳಿಗೆ ದಾರ ಕಟ್ಟುವ ಕೆಲಸ ಅವಳ ಪಾಲಿಗೆ ಬಂದಿತ್ತು. ಒಂದು ಬುಧವಾರ ಮಧು ಮೈಸೂರಿನಿಂದಲೇ ಬೀಗ ತೆಗೆದು, ಈಗ ಚುಚ್ಚಿ ನೋಡಿ ಎಂದ. ಅವಳು ಅಡಾಪ್ಟರ್ ಚುಚ್ಚಿ, ಹೆಡ್‌ಫೋನು ಹಾಕಿಕೊಂಡು, ಕೀಲಿ ಒತ್ತಿದಳು. ದನಿ ಬಂತು. ಎಲ್ಲೂ ಹೋಗಿರಲೇ ಇಲ್ಲವೆಂಬಂತೆ ದಿನ, ಗಂಟೆ, ತೆರೆದಿದ್ದ ಪುಟದ ಹೆಸರು ಹೇಳಿತು.

"ಸರಿಹೋಯ್ತಲ್ಲ?" ಎಂದ ಶಿವಶಂಕರ. ಅವನಿಗೂ ನಿಜವಾಗಿಯೇ ಸಂತೋಷವಾಗಿತ್ತು. ಬೆಳ್ಳಯ್ಯ ಬಾಗಿಲಲ್ಲಿ ನಿಂತು, "ಬುಡ್ತಾ ಬಾಯಿ?" ಎಂದು ಕೇಳಿ, ಬಿಟ್ಟಿತು ಎಂದದ್ದಕ್ಕೆ, "ಅಂಗಾದ್ರೆ ಟೀ ತತ್ತೀನಿ," ಎಂದು ಹೋದ.

ಮೀನಾ ಮೊದಲು ತೆರೆದದ್ದು ದನಿಯಿಲ್ಲದ ಆ ವಾರ ಟೈಪಿಸಿದ್ದ ಹನ್ನೊಂದು ಪತ್ರಗಳನ್ನು. ಏಳು ಸರಿಯಿದ್ದವು. ಮೂರರಲ್ಲಿ ಒಂದೊಂದು ಸಾಲು ಎರಡು ಸಲ ಬಂದಿತ್ತು. ಒಂದರಲ್ಲಿ ಭಾಷೆ ಬದಲಾದದ್ದು ಗೊತ್ತಾಗದೆ ಅರ್ಧ ಪುಟ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಕೆಳಗೆ ಅವಳ ಹೆಸರು. ಮುಳ್ಳೂರಿನ ಒಬ್ಬ ಬೆಳೆಗಾರನಿಗೆ ಅದು ಹಾಗೇ ಹೋಗಿತ್ತು. ಅವನು ಏನೂ ಕೇಳಿರಲಿಲ್ಲ. ಅವನು ಅದನ್ನು ಹಿಡಿದುಕೊಂಡು ಯಾರ ಯಾರ ಹತ್ತಿರ ಓದಿಸಲು ಹೋಗಿದ್ದನೋ ಎಂದು ಅವಳಿಗೆ ಮುಖ ಬಿಸಿಯಾಯಿತು. ನಾಲ್ಕನ್ನೂ ತಿದ್ದಿ, ಕ್ಷಮಿಸಿ ಎಂಬ ಮಾತು ಸೇರಿಸಿ, ಮತ್ತೆ ಅಂಚೆಗೆ ಕೊಟ್ಟಳು.

ಬಂದ ಅನುಮತಿಯಲ್ಲಿ ಒಂದು ಷರತ್ತಿತ್ತು. ಅದು ಅವಳ ಒಂದು ಕಂಪ್ಯೂಟರಿಗೆ ಮಾತ್ರ. ಬೇರೆ ಶಾಖೆಗೆ ಬೇಕಾದರೆ, ಬೇಕಾದವರೇ ಹೆಸರು ಹಾಕಿ ಅರ್ಜಿ ಕೊಡಬೇಕು.

ಶನಿವಾರ ಅರ್ಧ ದಿನ. ಅವಳು ಕೊಳ್ಳೇಗಾಲದಲ್ಲಿ ಇಳಿದು ಮನೆಗೆ ಹೋಗದೆ ಹನೂರಿನ ಬಸ್ಸು ಹತ್ತಿದಳು. ನಿರಂಜನ್ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಇಬ್ಬರೂ ಕೋಲು ಮಡಿಸಿಟ್ಟುಕೊಂಡು ಹೋಟೆಲಿನ ಬೆಂಚಿನಲ್ಲಿ ಕೂತರು. ಪಕ್ಕದ ಮೇಜಿನವರು ತಮಿಳಿನಲ್ಲಿ ಜಗಳವಾಡುತ್ತಿದ್ದರು.

"ನಾನು ಅರ್ಜಿ ಬರ್ಕೊಂಡು ಬಂದಿದೀನಿ," ಎಂದಳು ಮೀನಾ. "ನಿನ್ನ ಹೆಸರು ಹಾಕಿ ಸಹಿ ಮಾಡಿದ್ರೆ ಆಯ್ತು."

"ಹೆಸರು ಹಾಕಿದ್ರೆ, ಎರಡು ತಿಂಗಳು ಹೇಗೆ ಕೆಲ್ಸ ಮಾಡ್ದೆ ಅಂತ ಕೇಳ್ತಾರಲ್ಲಕ್ಕ."

"ಕೇಳ್ತಾರೆ."

"ಏನ್ ಹೇಳ್ಲಿ?"

"ನಂಗೊತ್ತಿಲ್ಲ ನಿರಂಜನ್. ನಾನು ತಪ್ಪು ಮಾಡಿ ಎಲ್ಲರ ಮುಂದೆ ನಿಂತೆ. ಶಾಗ್ಯದಿಂದ ಬಂದೋರು ಬರಿಗೈಲಿ ವಾಪಸ್ ಹೋದ್ರು. ನೀನಿನ್ನೂ ಯಾರ ಹುಳಾನೂ ಕೆಡಿಸಿಲ್ಲ. ಕೆಡೋಕ್ ಮುಂಚೆ ಹೇಳಿಬಿಡು. ಅಷ್ಟೇ ನಂಗೆ ತಿಳಿಯೋದು."

ಅವನು ಅರ್ಜಿಯನ್ನು ತೆಗೆದುಕೊಂಡು ಜೇಬಿಗಿಟ್ಟ. ಸಹಿ ಮಾಡುತ್ತೇನೆ ಎನ್ನಲಿಲ್ಲ, ಮಾಡುವುದಿಲ್ಲ ಎಂದೂ ಅನ್ನಲಿಲ್ಲ. ಮೀನಾ ಒತ್ತಾಯಿಸಲಿಲ್ಲ. ವಾಪಸ್ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೊಳ್ಳೇಗಾಲದವರೆಗೂ ನಿದ್ದೆ ಮಾಡಿದಳು.

ಹನ್ನೆರಡು ದಿನ ಅವನಿಂದ ಸುದ್ದಿಯಿಲ್ಲ. ಆಮೇಲೆ ಮಧು ಹೇಳಿದ, ಹನೂರಿನ ಅರ್ಜಿ ಬಂದಿದೆ ಎಂದು. ನಿರಂಜನನಿಗೆ ಅವನ ಶಾಖೆಯಲ್ಲಿ ಒಂದು ನೋಟೀಸು ಕೊಟ್ಟರು, ಫೋಟೋ ತೆಗೆದದ್ದಕ್ಕೆ. ಅವನೇ ಹೇಳಿಕೊಂಡಿದ್ದನಂತೆ. ಪ್ರೊಬೇಷನನ್ನು ಆರು ತಿಂಗಳು ಮುಂದಕ್ಕೆ ಹಾಕಿದರು. ಕೆಲಸದಿಂದ ತೆಗೆಯಲಿಲ್ಲ. ಅಡಾಪ್ಟರಿಗೆ ಅನುಮತಿ ಸಂಕ್ರಾಂತಿ ಕಳೆದ ಮೇಲೆ ಬಂತು.

ಬಂದ ದಿನ ಅವನು ಫೋನ್ ಮಾಡಿದ. ಹಿಂದೆ ಅವನ ಕಂಪ್ಯೂಟರಿನ ದನಿ ಪಟಪಟನೆ ಓದುತ್ತಿತ್ತು. ಅವನೂ ಅದನ್ನು ಅಷ್ಟೇ ವೇಗಕ್ಕೆ ಇಟ್ಟುಕೊಂಡಿದ್ದ.

"ಅಕ್ಕ, ಮುನ್ನೂರ ಹನ್ನೆರಡು ಮೇಲ್ ಓದದೆ ಬಿದ್ದಿದೆ."

"ಹಳೇದ್ರಿಂದ ಶುರು ಮಾಡು. ಇವತ್ತೇ ಮುಗಿಸ್ತೀನಿ ಅಂತ ಹೋಗ್ಬೇಡ."

"ನೋಟೀಸಿಗೆ ಉತ್ತರಾನೂ ಟೈಪ್ ಮಾಡ್ಬೇಕು. ಸೌಂಡ್ ಬಂದ್ಮೇಲೆ ಕೊಡ್ತೀನಿ ಅಂತ ಟೈಮ್ ಕೇಳಿದ್ದೆ."

"ಅದನ್ನ ನಾಳೆ ಮಾಡು," ಎಂದಳು ಮೀನಾ. ಅಷ್ಟರಲ್ಲಿ ಸಂಘದ ಫೋನು ಹೊಡೆದುಕೊಂಡಿತು. ಯಾರೋ ಮಾಂಬಳ್ಳಿಯವರು, ಹುಳ ಯಾವತ್ತು ಎಂದು ಕೇಳಿದರು. ಅವಳು ಹೆಸರು ಕೇಳಿಕೊಂಡು, ಹುಡುಕಿ, ಮಂಗಳವಾರ ಬೆಳಿಗ್ಗೆ ಆರಕ್ಕೆ ಎಂದಳು.